ಕಸ್ತೂರಿಬಾಯಿ ಮುಚ್ಚಿಟ್ಟ ಗುಳಿಗೆ

ಕಸ್ತೂರಿಬಾಯಿ ಸಿಂದಗಿ ಕಡೆಯವಳು. ಮದುವೆಯಾದ ವರ್ಷವೇ ಗಂಡ ಹಣಮಂತನೊಂದಿಗೆ ಮುಂಬೈಗೆ ಬಂದು ಜೋಗೇಶ್ವರಿಯ ಚಾಳಿನಲ್ಲಿ ಸಂಸಾರ ಹೂಡಿದ್ದಳು. ಇದ್ದದ್ದು ಒಂದೇ ಖೋಲಿ. ಹಣಮಂತನ ಅಕ್ಕ, ಗಂಡ ತೀರಿಕೊಂಡ ಇಂದ್ರಾಬಾಯಿಯೂ ಅದರಲ್ಲೇ ಇದ್ದಳು. ಮೂವರೂ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು.

1972ರ ಬೇಸಿಗೆಯಲ್ಲಿ ದಹಿಸರದ ಒಂದು ಬಿಲ್ಡಿಂಗಿನಲ್ಲಿ ಬುಟ್ಟಿ ಹೊರುವಾಗ ಹಲಗೆ ಜಾರಿ, ಕಸ್ತೂರಿಬಾಯಿ ಎರಡನೇ ಮಾಳಿಗೆಯಿಂದ ಮರಳಿನ ರಾಶಿಯ ಮೇಲೆ ಬಿದ್ದಳು. ಎಲುಬು ಮುರಿಯಲಿಲ್ಲ, ಸೊಂಟ ಹಿಡಿದುಕೊಂಡಿತು. ದವಾಖಾನೆಯಲ್ಲಿ ಹತ್ತು ದಿನಕ್ಕೆಂದು ಬಿಳಿ ಗುಳಿಗೆ ಬರೆದುಕೊಟ್ಟರು. ನುಂಗಿದ ಅರ್ಧ ತಾಸಿಗೆ ಆ ನೋವು ಬೇರೆ ಯಾರದೋ ಅನ್ನಿಸುತ್ತಿತ್ತು.

ಹತ್ತು ದಿನ ಮುಗಿಯಿತು. ಗುಳಿಗೆ ನಿಂತ ಮರುದಿನವೇ ಮೈಯೆಲ್ಲ ಬೆವರು, ಮೂಗು ಸೋರುವುದು, ಕಾಲು ಸೆಳೆತ, ಹೊಟ್ಟೆ ತೊಳಸು. ಪೆಟ್ಟು ಇನ್ನೂ ಮಾಗಿಲ್ಲವೆಂದುಕೊಂಡು ಹಳೆಯ ಚೀಟಿ ಹಿಡಿದು ಸ್ಟೇಶನ್ ಹತ್ತಿರದ ಔಷಧಿ ಅಂಗಡಿಗೆ ಹೋದಳು. ಅಂಗಡಿಯವನು ಏನೂ ಕೇಳದೆ ಕೊಟ್ಟ. ಆಮೇಲಾಮೇಲೆ ಚೀಟಿಯನ್ನೂ ಕೇಳಲಿಲ್ಲ. ದಿನಕ್ಕೆರಡು ಇದ್ದದ್ದು ಆರಾಯಿತು. ಅಷ್ಟರಲ್ಲಿ ತಾನು ನೋವಿಗಲ್ಲ, ಗುಳಿಗೆಗಾಗಿಯೇ ಗುಳಿಗೆ ನುಂಗುತ್ತಿದ್ದೇನೆಂದು ಅವಳಿಗೆ ತಿಳಿದಿತ್ತು. ಮನೆಯಲ್ಲಿ ಹೇಳಲಿಲ್ಲ. ಚಾಳಿನಲ್ಲಿ ಗಾಂಜಾ ಸೇದುವ ಒಬ್ಬನಿದ್ದ, ಅವನನ್ನು ಎಲ್ಲರೂ ‘ನಶಾಖೋರ’ ಎಂದು ಕರೆಯುತ್ತಿದ್ದರು. ಆ ಮಾತು ತನಗೂ ಅಂಟೀತೆಂಬ ಹೆದರಿಕೆ.

ಮರುವರ್ಷ ಬಸಿರಾದಳು. ಐದನೇ ತಿಂಗಳಲ್ಲಿ ಗಟ್ಟಿ ಮನಸ್ಸು ಮಾಡಿ ಗುಳಿಗೆ ಬಿಟ್ಟಳು. ಎರಡೇ ದಿನಕ್ಕೆ ಹೊಟ್ಟೆ ಹಿಂಡತೊಡಗಿತು. ಕೂಸು ಎಲ್ಲಿ ಜಾರಿಬಿಡುತ್ತದೋ ಎಂದು ಮತ್ತೆ ನುಂಗಿದಳು.

ಎಂಟು ತಿಂಗಳಿಗೇ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ನಾಲ್ಕು ಪೌಂಡೂ ತೂಗದ ಹೆಣ್ಣುಮಗು. ಎರಡನೇ ದಿನ ಅದರ ಕೈಕಾಲು ನಡುಗತೊಡಗಿದವು. ಬಿಟ್ಟೂಬಿಡದೆ ಸೀನು, ವಾಂತಿ, ಭೇದಿ. ಮೊಲೆ ಕಚ್ಚಲು ಹೋಗಿ ಹಿಡಿಯಲಾಗದೆ, ಸಣ್ಣ ಚೂಪು ದನಿಯಲ್ಲಿ ಕಿರುಚುತ್ತಿತ್ತು.

ವಾರ್ಡಿನ ನರ್ಸ್ ಮೋಹಿನಿ ಉಡುಪಿ ಕಡೆಯವಳು. ತೊಟ್ಟಿಲ ಬಳಿ ಇಂದ್ರಾಬಾಯಿಯ ಕೈಯಲ್ಲಿದ್ದ ಸಣ್ಣ ಶೀಶೆ ಅವಳ ಕಣ್ಣಿಗೆ ಬಿತ್ತು.

“ಎಂಥ ಕೊಟ್ಟದ್ದು ಮಗುವಿಗೆ?”

“ಜೇನ್ರೀ ಬಾಯಾರ. ಒಂದ ಬೆರಳ ನೆಕ್ಕಿಸೀನಿ, ಅಷ್ಟ.”

“ಜೇನು ಮಾತ್ರವಾ? ಮಲಗಲಿ ಅಂತ ಅಫೀಮು ತೇಯ್ದು ಕೊಡುವವರನ್ನು ನಾನು ಎಷ್ಟು ಜನ ನೋಡಿಲ್ಲ. ಹೊರಗೆ ಹೋಗಿ ನೀವು. ಇನ್ನು ಒಳಗೆ ಬರಬೇಡಿ.”

ಇಂದ್ರಾಬಾಯಿ ತಮ್ಮನ ಹೆಂಡತಿಯ ಬಾಯಿಂದ ಒಂದು ಮಾತು ಬರುತ್ತದೆಂದು ಅವಳ ಕಡೆಗೆ ನೋಡಿದಳು. ಕಸ್ತೂರಿಬಾಯಿಯ ಸೊಂಟದ ಬಳಿ ಸೀರೆಯ ಮಡಿಕೆಯಲ್ಲಿ ಗುಳಿಗೆಯ ಪೊಟ್ಟಣ ಇತ್ತು. ಅವಳು ಗೋಡೆಯ ಕಡೆ ಹೊರಳಿ ಮಲಗಿದಳು.

ಎರಡು ದಿನ ಇಂದ್ರಾಬಾಯಿ ಆಸ್ಪತ್ರೆಯ ಗೇಟಿನಾಚೆ ಕುಳಿತಳು. ಹಣಮಂತ ಅಕ್ಕನಿಗೆ, “ಕೂಸಿಗೇನರ ಆತಂದ್ರ ನಿನ್ನ ಮಾರಿ ನೋಡಂಗಿಲ್ಲ,” ಎಂದನಂತೆ. ಅದನ್ನು ಅವನೇ ಬಂದು ಹೆಂಡತಿಗೆ ಹೇಳಿದ. ಅವನು ಹೋದ ಮೇಲೆ ಅವಳು ಒಂದು ಗುಳಿಗೆ ನುಂಗಿದಳು.

ನಾಲ್ಕನೇ ದಿನ ಬೆಳಗ್ಗೆ ಡಾಕ್ಟರಬಾಯಿ ಮಗುವನ್ನು ನೋಡಿ ಮರಾಠಿಯಲ್ಲಿ, ಕಾರಣ ತಿಳಿಯದಿದ್ದರೆ ಕೈಮೀರುತ್ತದೆ ಎಂದು ಮೋಹಿನಿಗೆ ಹೇಳಿದರು. ಅಷ್ಟು ಮರಾಠಿ ಕಸ್ತೂರಿಬಾಯಿಗೂ ಬರುತ್ತಿತ್ತು. ಪೊಟ್ಟಣ ತೆಗೆದು ಹಾಸಿಗೆಯ ಮೇಲಿಟ್ಟಳು.

“ಅಕ್ಕಾ ಏನೂ ಕೊಟ್ಟಿಲ್ರೀ. ಇವನ್ನ ನಾನ ನುಂಗೀನಿ. ಒಂದ ವರ್ಷದ ಮ್ಯಾಲಾತು.”

ಮೋಹಿನಿ ಅದನ್ನು ಮರಾಠಿಯಲ್ಲಿ ಹೇಳಬೇಕಾಯಿತು. ಕನ್ನಡ ತಿಳಿಯದ ಪಕ್ಕದ ಹಾಸಿಗೆಗಳ ಹೆಂಗಸರೂ ಈಗ ಇತ್ತ ತಿರುಗಿದರು. ಕಸ್ತೂರಿಬಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಡಾಕ್ಟರಬಾಯಿ ಬೈಯಲಿಲ್ಲ. ಅವರು ಹೇಳಿದ್ದನ್ನು ಮೋಹಿನಿ ತಿಳಿಸಿದಳು: “ಇದು ಅಫೀಮಿನ ಜಾತಿಯದೇ ಮದ್ದು. ಹೊಟ್ಟೆಯಲ್ಲಿದ್ದಾಗ ನಿಮ್ಮ ರಕ್ತದಿಂದ ಮಗುವಿಗೂ ಸಿಗ್ತಾ ಇತ್ತು. ಹುಟ್ಟಿದ ಮೇಲೆ ನಿಂತುಹೋಯ್ತು. ಅದಕ್ಕೇ ಈ ನಡುಕ.”

“ದಿನಾ ತುಂಬದ ಹುಟ್ಟಿದ್ದೂ ಇದರಿಂದೇನ್ರೀ?”

“ಇರಬಹುದು ಅಂತಾರೆ. ನೀವು ಭಾರ ಹೊತ್ತದ್ದೂ ಇರಬಹುದು, ಸರಿ ಊಟ ಇಲ್ಲದ್ದೂ ಇರಬಹುದು. ಖಾತ್ರಿ ಹೇಳಲಿಕ್ಕೆ ಆಗುದಿಲ್ಲವಂತೆ.”

ಹೌದೆಂದಿದ್ದರೆ ಅತ್ತು ಹಗುರಾಗುತ್ತಿದ್ದಳೇನೋ. ಆ ‘ಇರಬಹುದು’ ಮಾತ್ರ ಅವಳಲ್ಲಿ ವರ್ಷಗಟ್ಟಲೆ ಉಳಿಯಿತು.

ಮಗುವಿಗೆ ಅದೇ ಜಾತಿಯ ಮದ್ದನ್ನು ಹನಿ ಲೆಕ್ಕದಲ್ಲಿ ಕೊಟ್ಟು, ದಿನದಿನಕ್ಕೂ ಇಳಿಸುತ್ತ ಬಂದರು. ಮೂರು ವಾರಕ್ಕೆ ನಡುಕ ನಿಂತಿತು. ಒಮ್ಮೆಲೇ ಬಿಡಬೇಡವೆಂದು ತಾಯಿಗೂ ಹಾಗೇ ಇಳಿಸಿದರು, ಅವಳಿಗೆ ನಾಲ್ಕು ತಿಂಗಳು ಹಿಡಿಯಿತು.

ಪೊಟ್ಟಣ ಹೊರಬಂದ ದಿನವೇ ಮಧ್ಯಾಹ್ನ ಮೋಹಿನಿ ಗೇಟಿನ ತನಕ ಹೋಗಿ ಇಂದ್ರಾಬಾಯಿಯನ್ನು ಕರೆತಂದು, “ನಾನು ಬೈದದ್ದು ತಪ್ಪಾಯ್ತು,” ಎಂದಳು. ಇಂದ್ರಾಬಾಯಿ ತೊಟ್ಟಿಲ ಬಳಿ ನಿಂತು ಮಗುವನ್ನು ನೋಡಿದಳು, ಮುಟ್ಟಲಿಲ್ಲ.

“ಅಕ್ಕಾ...” ಎಂದಳು ಕಸ್ತೂರಿಬಾಯಿ.

“ಗುಳಿಗಿ ನುಂಗಿದ್ದಕ್ಕ ನನಗ ಸಿಟ್ಟಿಲ್ಲ. ನೋವಿಗೆ ಯಾರ್ಯಾರು ಏನೇನ ಮಾಡ್ತಾರ. ನನ್ನ ಹೊರಗ ಹಾಕಿದಾಗ ನೀ ಗ್ವಾಡಿ ಕಡಿ ಹೊಳ್ಳಿದಿ. ಅದ ನನಗ ಮರಿಯಾಂಗಿಲ್ಲ.”

ಮರೆಯಲಿಲ್ಲ ಕೂಡ. ಮಗುವಿಗೆ ಶೀಲಾವತಿ ಎಂದು ಹೆಸರಿಟ್ಟರು. ತಾಯಿ ಕೆಲಸಕ್ಕೆ ಹೋದಾಗ ಎರೆದು, ಉಣಿಸಿ ಬೆಳೆಸಿದವಳು ಇಂದ್ರಾಬಾಯಿಯೇ. ಆದರೂ ಕಸ್ತೂರಿಬಾಯಿ ಮನೆಯಲ್ಲಿದ್ದರೆ, ಒಂದು ಚೂರು ಬೆಲ್ಲ ಕೊಡುವುದಕ್ಕೂ “ಇದನ್ನ ಕೊಡ್ಲೇನು?” ಎಂದು ಕೇಳಿಯೇ ಕೊಡುತ್ತಿದ್ದಳು. ಪ್ರತಿ ಸಲವೂ ಕಸ್ತೂರಿಬಾಯಿಯ ತಲೆ ತಗ್ಗುತ್ತಿತ್ತು.

ಶೀಲಾವತಿ ಶಾಲೆಗೆ ಸೇರಿದ ವರ್ಷ, ಚಾಳಿನ ನೀಲಾಬಾಯಿ ಎಂಬ ಬಸುರಿ ಹಲ್ಲುನೋವೆಂದು ಬಂದು, ಅಂಗಡಿಯಿಂದ ಯಾವ ಗುಳಿಗೆ ತರಲೆಂದು ಕೇಳಿದಳು. ಕಸ್ತೂರಿಬಾಯಿ ಅವಳನ್ನು ಕೂರಿಸಿಕೊಂಡು, ಗುಳಿಗೆಯಿಂದ ಹಿಡಿದು ಅಕ್ಕ ಗೇಟಿನಾಚೆ ಕುಳಿತದ್ದರವರೆಗೆ, ಒಂದನ್ನೂ ಬಿಡದೆ ಹೇಳಿದಳು. ನಾಚಿಕೆಗೆ ಅವಳ ಕಿವಿಗಳು ಬಿಸಿಯಾಗಿದ್ದವು. ಇಂದ್ರಾಬಾಯಿ ಬಾಗಿಲಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಳು.

“ನಾಳೆ ಇಕಿನ್ನ ಡಾಕ್ಟರ್ ಕಡಿ ಕರಕೊಂಡು ಹೋಗು,” ಎಂದಳು. “ನಾನೂ ಬರ್ತೀನಿ.”