ಲ್ಯಾಬ್ ನೋಟ್‌ಬುಕ್ಕಿಗೆ ಬಳಿದ ವೈಟ್ನರ್

ಗೆಳೆಯರೇ, ನಮ್ಮ ವಿದ್ಯಾನಗರದ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಸಂಶೋಧನಾ ವಿದ್ಯಾರ್ಥಿನಿ ಶಿಲ್ಪಾ ಇವತ್ತು ಬೆಳಿಗ್ಗೆ ತನ್ನ ಲ್ಯಾಬ್ ನೋಟ್‌ಬುಕ್ ನನ್ನ ಟೇಬಲ್ ಮೇಲೆ ಮರೆತುಹೋಗಿದ್ದಳು. ತೆರೆದರೆ ಪುಟಪುಟಗಳ ತುಂಬ ಗೀಟೆಳೆದು ಹೊಡೆದುಹಾಕಿದ ಅಂಕಿಗಳು. ನಮ್ಮ ಬಿಎಸ್ಸಿ ಕಾಲದಲ್ಲಿ ‘ನೀಟ್‌ನೆಸ್ ಈಸ್ ಹಾಫ್ ದ ಮಾರ್ಕ್ಸ್’ ಎಂದೋ ಏನೋ ಹೇಳುತ್ತಿದ್ದರು. ಪಾಪ, ಹುಡುಗಿಗೆ ಉಪಕಾರವಾಗಲಿ ಎಂದು ಎಲ್ಲದಕ್ಕೂ ವೈಟ್ನರ್ ಬಳಿದೆ.

“ಅಯ್ಯೋ ಅಂಕಲ್, ಲ್ಯಾಬ್ ಬುಕ್‌ನಾಗ ಹೊಡೆದುಹಾಕಿದ ತಪ್ಪೂ ಕಾಣ್ಬೇಕ್ರಿ! ಮಧ್ಯಾಹ್ನ ನನ್ನ ಪಿಎಚ್‌ಡಿ ಗೈಡ್ ನೋಡ್ತಾರೆ, ಕಳ್ಳ ಅಂಕಿ ಬರ್ದಿದ್ದೀಯ ಅಂತಾರೆ!” ನೋಟ್‌ಬುಕ್ ಹುಡುಕಿಕೊಂಡು ಬಂದ ಅವಳು ಅಳುವುದೊಂದೇ ಬಾಕಿ.

ಮಧ್ಯಾಹ್ನ ಅವಳ ಜೊತೆಗೆ ನಾನೇ ಲ್ಯಾಬಿಗೆ ಹೋಗಿ, “ಐ ಆಮ್ ದ ಕಲ್ಪ್ರಿಟ್ ಸರ್” ಎಂದೆ. ಗೈಡ್ ನಗಲಿಲ್ಲ.

“ಬಳಿದಿದ್ದು ನೀವೇ ಅಂತ ಪ್ರತಿ ಪುಟಕ್ಕೂ ಬರ್ದು, ತಾರೀಖು ಹಾಕಿ ಸೈನ್ ಮಾಡ್ರಿ. ಆಗ ಒಪ್ಕೊಂತೀನಿ.”

ಹದಿನಾಲ್ಕು ಪುಟಕ್ಕೆ ಸೈನ್ ಮಾಡಿ ಬಂದೆ. ನನ್ನ ಹೆಂಡತಿ ತೀರಿಕೊಂಡ ಮೇಲೆ ನನ್ನ ತಪ್ಪುಗಳ ಲೆಕ್ಕವನ್ನು ತಾರೀಖಿನ ಸಮೇತ ಇಟ್ಟುಕೊಳ್ಳುವವರು ಯಾರೂ ಇಲ್ಲ ಅಂದುಕೊಂಡಿದ್ದೆ.