ಅಗಳಿ ಹಾಕಿದವರು ಯಾರು?

ಕಣ್ಣು ಪೂರ್ತಿ ಹೋದ ಮೇಲೂ ನಮ್ಮ ಅಕ್ಕೋರು ದಪ್ಪ ಗಾಜಿನ ಚಾಳೀಸು ಬಿಡಲಿಲ್ಲ. ಅದರ ಒಂದು ಕಡ್ಡಿ ಮುರಿದು, ಅಲ್ಲಿ ಕಪ್ಪು ದಾರ ಸುತ್ತಿತ್ತು. ನಾನು ಪುಸ್ತಕ ತೆರೆದೆನೆಂದರೆ ಅದನ್ನು ಸೆರಗಿನಿಂದ ಒರೆಸಿ ಮೂಗಿಗೆ ಏರಿಸುತ್ತಿದ್ದರು. "ಇನ್ನ ಯಾಕ್ರಿ ಅದು?" ಎಂದರೆ, "ಚಾಳೀಸ ಇರಲಿಲ್ಲಂದ್ರ ನನಗ ಸರಿಯಾಗಿ ಕೇಳ್ಸಂಗಿಲ್ಲ ಯವ್ವಾ, ನೀ ಓದು" ಎನ್ನುತ್ತಿದ್ದರು.

ಸಿಂದಗಿಯ ಶಾಲೆಯಲ್ಲಿ ನನಗೆ ಕನ್ನಡ ಕಲಿಸಿದವರು ಅವರು. ಪಾಠ ಮುಗಿದು ಹೊತ್ತು ಉಳಿದರೆ ಕತೆ ಓದುವರು. ಗಂಟೆ ಹೊಡೆದರೆ ನಡುವೆಯೇ ಪುಸ್ತಕ ಮುಚ್ಚಿ ನಮ್ಮನ್ನು ಗೋಳು ಹೊಯ್ದುಕೊಳ್ಳುವರು. ಈಗ ನಾನೂ ಬಾಗೇವಾಡಿಯಲ್ಲಿ ಶಿಕ್ಷಕಿ. ಶನಿವಾರ ಬೆಳಗಿನ ಶಾಲೆ ಮುಗಿಸಿ ಬಸ್ಸು ಹಿಡಿದು ತವರಿಗೆ ಹೋದಾಗಲೆಲ್ಲ ಅವರಿಗೆ ಓದಿ ಹೇಳುವ ಪಾಳಿ ನನ್ನದಾಗಿತ್ತು.

ಹಾಗೆ ಹಿಡಿದದ್ದು ಐದು ಸಂಪುಟಗಳ ಒಂದು ಮಾಯಾಲೋಕದ ಕಾದಂಬರಿ. ಇದೆಲ್ಲ ಅವರಿಗೆ ಸೇರುತ್ತದೋ ಇಲ್ಲವೋ ಎಂದುಕೊಂಡಿದ್ದೆ. ಸೇರಿತು ಅಂದರೆ ಎಂಥಾ ಸೇರುವುದು! ಮಾತು ಮಾತಿಗೂ "ಹೂಂ". ಬೇಸತ್ತು ನಾನು ಯುದ್ಧದ ಭಾಗ ಬಿಟ್ಟರೆ, "ಹಾಳಿ ಹಾರಿಸಿದಿ. ಕುದರಿ ಇನ್ನೂ ಹೊಳಿ ದಾಟಿಲ್ಲ" ಎಂದು ಗದರುತ್ತಿದ್ದರು.

ಆ ಕತೆಯಲ್ಲಿ ಕಣಿವೆಗೊಂದು ಹೆಬ್ಬಾಗಿಲು. ಈಚೆ ಜನರ ಊರುಗಳು, ಆಚೆ ನೆರಳಿನ ದಂಡು. ಬಾಗಿಲಿಗೆ ಅಗಳಿ ಇರುವುದು ಆಚೆಯ ಬದಿಗೆ ಮಾತ್ರ. ಹಾಕಿದವರು ತಿರುಗಿ ಬರುವಂತಿಲ್ಲ. ಅದನ್ನು ಕಾಯುವ ಮುದುಕಿಯೊಬ್ಬಳು, ಬಂದವನು ರಾಜನೇ ಆಗಲಿ, "ಕಾಲು ಒರೆಸಿಕೊಂಡು ಬಾ" ಎನ್ನುತ್ತಾಳೆ. ಅಕ್ಕೋರಿಗೆ ಆಕೆಯ ಮೇಲೆ ಜೀವ. "ಈ ಮುದುಕಿ ನಾನಽ ನೋಡು" ಎಂದು ನಗುತ್ತಿದ್ದರು.

ಐದನೆಯ ಸಂಪುಟ ಬರಲು ವರ್ಷಗಳೇ ಹಿಡಿದವು. ಅಷ್ಟರಲ್ಲಿ ಅಕ್ಕೋರ ಎದೆ ದುರ್ಬಲವಾಗಿತ್ತು. "ನಾ ಹೋಗೂದ್ರಾಗ ಇದೊಂದು ಮುಗೀಲಿ" ಎನ್ನುತ್ತಿದ್ದರು. ಅದೂ ಸುಮ್ಮನೆ ಮುಗಿದರೆ ಸಾಲದು, ಮಂಗಲ ಆಗಬೇಕು. ನಮ್ಮ ಕಡೆ ಶ್ರಾವಣದಲ್ಲಿ ಪುರಾಣ ಹಚ್ಚಿದರೆ ಕೊನೆಯ ದಿನ ಹುಗ್ಗಿ ಮಾಡಬೇಕು, ಕೇಳಿದವರೆಲ್ಲ ಉಣ್ಣಬೇಕು, ಓದಿದವರಿಗೆ ಮರ್ಯಾದೆ ಆಗಬೇಕು. ಅಲ್ಲಿಯವರೆಗೆ ಕತೆ ಮುಗಿದಂತಲ್ಲ.

ಆ ಭಾನುವಾರ ಮುದ್ದೇಬಿಹಾಳದಿಂದ ಅವರ ತಂಗಿಯ ಮಗಳು ಬಂದು ಒಳಗೆ ಗೋಧಿ ಹುಗ್ಗಿಗೆ ಬೆಲ್ಲ ಹಾಕುತ್ತಿದ್ದಳು. ಪಡಸಾಲೆಯಲ್ಲಿ ಓಣಿಯ ಹೆಂಗಸರು ಕೂತಿದ್ದರು. ಕೊನೆಯ ಅಧ್ಯಾಯವನ್ನು ನಾನು ಬಸ್ಸಿನಲ್ಲೇ ಓದಿಕೊಂಡಿದ್ದೆ. ಮುದುಕಿ ಸಾಯುತ್ತಾಳೆ. ಚಾಳೀಸು ಏರಿಸಿ ಕುಳಿತ ಆ ಮುಖ ನೋಡಿ ನನ್ನ ಧೈರ್ಯ ಉಡುಗಿತು. ಕೊನೆಯ ಹಾಳೆಗಳನ್ನು ಬಿಟ್ಟು, ಓದುವ ದನಿಯಲ್ಲೇ ನನ್ನ ಬಾಯಿಗೆ ಬಂದದ್ದನ್ನು ಹೇಳಿದೆ: ಬಾಗಿಲು ಮುಚ್ಚಿತು, ಮುದುಕಿ ಮನೆಗೆ ಹೋದಳು, ಮೊಮ್ಮಕ್ಕಳೊಂದಿಗೆ ಸುಖವಾಗಿದ್ದಳು.

"ಹೂಂ" ಬರಲಿಲ್ಲ.

"ಮುಗೀತೇನು?"

"ಹೌದ್ರಿ, ಮುಗೀತು."

"ಹಂಗಾದ್ರ ಆ ಕಡಿಂದ ಅಗಳಿ ಯಾರು ಹಾಕಿದ್ರು?"

ನಾನು ಪುಸ್ತಕ ಮುಚ್ಚಿದೆ. "ಅದನ್ನ ಬರದಿಲ್ರಿ" ಎಂದೆ.

"ಬರದಿಲ್ಲಾ? ನಾಕು ಪುಸ್ತಕ ಇಷ್ಟು ಛಂದ ಬರದಾಂವ, ಕಡೀಕ ಬಂದು ಅಗಳೀನ ಮರತನೇನು?"

ಆದರೂ ಮಂಗಲ ಬಿಡಲಿಲ್ಲ. ಕೈಯಾಡಿಸಿ ನನ್ನ ಸೆರಗು ಹುಡುಕಿ ಉಡಿ ತುಂಬಿದರು: ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸಕ್ಕೆ ಒಂದು ಗುಳೇದಗುಡ್ಡದ ಖಣ. "ನೀನರೇ ಏನ್ ಮಾಡ್ತಿ ಯವ್ವಾ, ಇದ್ದದ್ದು ಓದಿದಿ" ಎಂದು ನನ್ನ ಬೆನ್ನು ಸವರಿದರು. ಓಣಿಯವರೆಲ್ಲ ಹುಗ್ಗಿ ಉಂಡರು. ನಾನು ಬಡಿಸುವ ನೆಪದಲ್ಲಿ ಒಳಗೇ ಉಳಿದೆ.

ಆಮೇಲೆ ಪ್ರತಿ ಶನಿವಾರ ಬಸ್ಸಿನಲ್ಲಿ ಇವತ್ತು ಹೇಳಿಯೇಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಎದುರಿಗೆ ಕುಳಿತರೆ ಬೇರೆ ಪುಸ್ತಕ ತೆಗೆದು ಓದತೊಡಗುತ್ತಿದ್ದೆ. ಆ ಉಡಿ ನೆನಪಾಗುತ್ತಿತ್ತು. ಅವರೋ ಬಂದವರಿಗೆಲ್ಲ, "ಐದನೇದು ಓದಬ್ಯಾಡ್ರಿ, ಪಾಪ, ಕಡೀಕ ಕೆಡಿಸ್ಯಾನ" ಎಂದು ಹೇಳುತ್ತಿದ್ದರು. ಆ ಲೇಖಕನ ಪರವಾಗಿ ಒಂದು ಮಾತಾಡುವ ಯೋಗ್ಯತೆಯೂ ನನಗಿರಲಿಲ್ಲ.

ದೀಪಾವಳಿಯ ಹೊತ್ತಿಗೆ ಅಕ್ಕೋರು ಹೋದರು. ಮಣ್ಣು ಮಾಡಿ ಬಂದ ಮೇಲೆ ತಂಗಿಯ ಮಗಳು ಸಂಪುಟಗಳನ್ನು ಜೋಡಿಸುತ್ತಿದ್ದಳು. ನಾಲ್ಕನ್ನು ಚೀಲಕ್ಕೆ ಹಾಕಿ ಐದನೆಯದನ್ನು ನನ್ನತ್ತ ಚಾಚಿದಳು. "ಇದು ನನಗ ಬ್ಯಾಡ್ರಿ. ದೊಡ್ಡವ್ವ ಓದಬ್ಯಾಡಂದಾಳ."

"ಓದು" ಎಂದೆ. "ಕಡೀದು ಭಾಳ ಛಲೋ ಐತಿ." ಯಾಕೆಂದು ಹೇಳಲು ಹೋಗಿ ಅತ್ತುಬಿಟ್ಟೆ. ಅಕ್ಕೋರು ಹೋದ ದುಃಖಕ್ಕೆ ಅಳುತ್ತಿದ್ದೇನೆಂದು ತಿಳಿದು ಆ ಹುಡುಗಿ ನನ್ನ ಕೈ ಹಿಡಿದುಕೊಂಡಳು.

ನಾನು ಬಿಟ್ಟ ಹಾಳೆಗಳಲ್ಲಿ ಇರುವುದು ಇಷ್ಟು. ಎಲ್ಲರನ್ನೂ ಈಚೆಗೆ ಕಳಿಸಿ ಮುದುಕಿ ತಾನು ಆಚೆಯೇ ಉಳಿದು ಅಗಳಿ ಜಡಿಯುತ್ತಾಳೆ. ನೆರಳಿನ ದೊರೆ ಮೇಲೇರಿ ಬರುತ್ತಾನೆ. ಆಕೆ ಕಟ್ಟೆಯ ಮೇಲೆ ಕುಳಿತೇ ಹೇಳುತ್ತಾಳೆ: "ಕಾಲು ಒರೆಸಿಕೊಂಡು ಬಾ." ಕೇಳಿದ್ದರೆ ಅಕ್ಕೋರು ಚಪ್ಪಾಳೆ ತಟ್ಟಿ ನಗುತ್ತಿದ್ದರು, ನನಗೆ ಗೊತ್ತು. ಸಾವಿಗೆ ಹೆದರಿದ್ದವಳು ನಾನೊಬ್ಬಳೇ.

ಖಣ ಇನ್ನೂ ಹೊಲಿಸಿಲ್ಲ, ಟ್ರಂಕಿನಲ್ಲಿದೆ. ಅದನ್ನು ಕಂಡಾಗಲೆಲ್ಲ ಒಂದೇ ಮಾತು ಬಾಯಿಗೆ ಬರುತ್ತದೆ: ಅಗಳಿ ಮುದುಕೀನಽ ಹಾಕಿದ್ಲರಿ ಅಕ್ಕೋರ. ಬರದಾಂವ ಏನೂ ಮರತಿರಲಿಲ್ಲ.