ಹೆಗಲಿಂದ ದವಡೆಗೆ ಒಂದೇ ಫೀಸು

ನಿನ್ನೆ ಬ್ರಹ್ಮಾವರದಿಂದ ಬರುವ ಬಸ್ಸಿನಲ್ಲಿ ಪಕ್ಕದ ಸೀಟಿನವರು ಹೆಗಲಿಗೆ ನೋವಿನ ಮುಲಾಮು ತಿಕ್ಕಿಕೊಳ್ಳುತ್ತಿದ್ದರು. ಆ ಖಾರದ ವಾಸನೆ ಮೂಗಿಗೆ ಬಡಿದದ್ದೇ, ನೋಡಿ, ಕುಂದಾಪುರದ ಒಂದು ಸಣ್ಣ ಕ್ಲಿನಿಕ್ಕಿನ ಬೆಂಚು ನೆನಪಾಯಿತು. ಆಗ ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಬಾಚುತ್ತಿದ್ದೆ. ಚೀಟಿಯಲ್ಲಿ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ನಂಬಿ ಮಾತಾಡುವುದು ತಯಾರಿ ಸಾಲದವರ ಕೆಲಸ ಎಂದುಕೊಂಡಿದ್ದೆ.

ಆ ಕ್ಲಿನಿಕ್ಕಿಗೊಂದು ನಿಯಮವಿತ್ತು. ಒಂದೇ ದಿನ ಅದೇ ಕಾಯಿಲೆಗೆ ಮತ್ತೆ ಬಂದರೆ ಫೀಸಿಲ್ಲ. ಬೇರೆ ಕಾಯಿಲೆಯಾದರೆ ಮತ್ತೆ ಕೊಡಬೇಕು. ಯಾವುದು ಅದೇ, ಯಾವುದು ಬೇರೆ ಎಂದು ತೀರ್ಪು ಕೊಡುತ್ತಿದ್ದವರು ಡಾಕ್ಟರಲ್ಲ, ಕೌಂಟರಿನ ಶಾರದಕ್ಕ.

ನನ್ನ ದೊಡ್ಡಮ್ಮ ಅಲ್ಲೇ ಪಕ್ಕದ ಕೋಡಿ ಎಂಬ ಊರಿನವಳು, ಮೀನು ಮಾರುವವಳು. ಅವತ್ತು ಬೆಳಿಗ್ಗೆ ಎಡ ಹೆಗಲು ನೋವೆಂದಳು, ಕರೆದೊಯ್ದೆ. ಬುಟ್ಟಿ ಎತ್ತಿ ಇಳಿಸಿದ ನೋವೆಂದು ಡಾಕ್ಟರು ಮಾತ್ರೆ, ಮುಲಾಮು ಕೊಟ್ಟರು. ಸಂಜೆ ದವಡೆ ನೋವು, ಹಣೆ ತುಂಬ ಬೆವರು. ಅದು ಹಲ್ಲುನೋವೇ ಎಂದು ಆಟೋದಲ್ಲಿ ಸಾಧಿಸಿ ತೋರಿಸಿದವಳು ನಾನು. ಅವಳದು ಒಂದೇ ಹಠ: “ನಂಗ್ ಅದೇ ಡಾಕ್ಟ್ರೇ ಆಯ್ಕ್.”

“ಬೆಳಿಗ್ಗೆ ಹೆಗ್ಲ್, ಈಗ್ ದವಡಿ. ಬೇರೆ ಸೀಕ್, ಬೇರೆ ಫೀಸ್,” ಎಂದರು ಶಾರದಕ್ಕ.

ಚರ್ಚೆಯ ಚೀಟಿ ಬಂದಂತಾಯಿತು ನನಗೆ. ಹಲ್ಲುನೋವನ್ನು ಆಟೋದಲ್ಲೇ ಬಿಟ್ಟು ಪಕ್ಷ ಬದಲಿಸಿದೆ.

“ಅದೇ ನೋವ್ ಮೇಲ್ ಹೋದ್ದ್ ಶಾರದಕ್ಕ! ಕುಂದಾಪ್ರದಲ್ ಬಸ್ ಹತ್ದವ್ರ್ ಬೈಂದೂರಲ್ ಇಳ್ದ್ರೆ ಬೇರೆ ಜನ ಆತ್ರಾ?”

“ಬೈಂದೂರಿಗ್ ಹೋಪ್ಕೆ ಟಿಕೇಟ್ ಬ್ಯಾಡ್ದಾ?”

“ಹತ್ತುವಾಗ್ಳೇ ತೆಗ್ದಾಯ್ತಲೆ, ಬೆಳಿಗ್ಗೆ!”

ಬೆಂಚಿನ ಮೇಲಿದ್ದವರು ನಕ್ಕರು. “ಸಾಕ್ ಮಾರಾಯ್ತಿ, ನಿಂದೊಂದ್ ಬಾಯಿ. ದುಡ್ ಕೊಟ್ ಒಳ್ಗ್ ಹೋಪ,” ಎಂದು ದೊಡ್ಡಮ್ಮ ನರಳಿದಳು.

ಡಾಕ್ಟರು ಬಾಗಿಲಿಗೆ ಬಂದರು. “ಹೆಗ್ಲಿಂದ ಮೇಲ್ ಹೋಯ್ತ್ ಅಂದದ್ ಯಾರ್?” ಬಹುಮಾನಕ್ಕೆ ಕರೆದ ಹಾಗೆ ಎದ್ದುನಿಂತೆ. ಅವರು ನನ್ನತ್ತ ನೋಡಲೇ ಇಲ್ಲ. “ಹೌದಾ ಅಕ್ಕ?”

“ಹೌದ್ ಡಾಕ್ಟ್ರೆ. ಎದಿಯಿಂದ್ಲೇ ಎಳ್ದಾಂಗ್ ಆತ್ತ್.”

ಆಮೇಲೆ ಎಲ್ಲವೂ ಓಟ: ಇಸಿಜಿ, ಆಂಬ್ಯುಲೆನ್ಸ್, ದೊಡ್ಡಾಸ್ಪತ್ರೆ. ಹೃದಯಾಘಾತ. ಶಾರದಕ್ಕ ಗಾಡಿಯವರೆಗೆ ಓಡಿಬಂದು ದೊಡ್ಡಮ್ಮನ ಚಪ್ಪಲಿ ಒಳಗಿಟ್ಟು, “ಒಂದೇ ಸೀಕ್ ಹೆಣ್ಣೆ, ನೀನೇ ಗೆದ್ದೆ,” ಎಂದರು. ಗೆದ್ದ ಮೇಲೆ, ಸೋತಿದ್ದರೆ ಚೆನ್ನಿತ್ತು ಎಂದುಕೊಂಡದ್ದು ಅದೊಂದೇ ಸಲ.

ದೊಡ್ಡಮ್ಮ ಉಳಿದಳು. ಈಗ ಕೋಡಿಯಲ್ಲಿ ಸಿಕ್ಕಿದವರಿಗೆಲ್ಲ, “ಡಾಕ್ಟ್ರಿಗಿಂತ ಮುಂಚೆ ನಮ್ ಹೆಣ್ಣಿಗ್ ಗೊತ್ತಾಯ್ತ್” ಎನ್ನುತ್ತಾಳೆ. ಫೀಸು ಉಳಿಸಲು ಹಾಗೆ ಅಂದದ್ದು ಎಂದು ನಾನು ಹೇಳಿದರೆ, “ಸುಮ್ನಿರ್, ನಿಂಗ್ ನಾಚ್ಕಿ!” ಅವಳೆದುರು ಸತ್ಯದ ಪರ ವಾದಿಸಿ ನಾನು ಇನ್ನೂ ಗೆದ್ದಿಲ್ಲ.

ವಾದ ಬಿಟ್ಟಿದ್ದೇನೆಂದುಕೊಳ್ಳಬೇಡಿ. ಆದರೆ ಗೆದ್ದ ಮೇಲೆ ಮೊದಲಿನ ಹಾಗೆ ಎದ್ದು ಹೋಗಲಾಗುವುದಿಲ್ಲ. ಬಾಯಿಗೆ ಬಂದದ್ದು ಎಲ್ಲಾದರೂ ನಿಜವೇ ಆಗಿಬಿಟ್ಟಿದ್ದರೆ ಎಂದು, ಎದುರಿಗಿದ್ದವರ ಮುಖವನ್ನು ಇನ್ನೊಮ್ಮೆ ನೋಡುತ್ತೇನೆ.